ಮಿಲಿಟರಿ ಲಾರಿಯ ಹೊಲಿಗೆ

ಸುಮೇರಾ ದಾರಕ್ಕೆ ಮೇಣ ಎಳೆಯುತ್ತಿದ್ದಳು. ಗೋಡೆಯ ಮೊಳೆಗೆ ಒಂದು ತುದಿ ಸಿಕ್ಕಿಸಿ, ಇನ್ನೊಂದನ್ನು ಎಡಗೈಗೆ ಸುತ್ತಿಕೊಂಡು, ಜೇನುಮೇಣದ ಉಂಡೆಯನ್ನು ಆ ತುದಿಯಿಂದ ಈ ತುದಿಗೆ ಒಯ್ಯುವುದು, ಮತ್ತೆ ತರುವುದು. ದಾರ ಬಿಗಿದುಕೊಂಡು ಬೆರಳಿಗೆ ತಂತಿಯಂತೆ ತಾಕಬೇಕು, ಅಲ್ಲಿಯವರೆಗೆ. ಪಕ್ಕದಲ್ಲಿ ಅವಳ ಅಪ್ಪ ಯುನೂಸ್ ಗೋಣಿಚೀಲದ ಮೇಲೆ ಕುಳಿತು ದಬ್ಬಣಗಳನ್ನು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ಇಬ್ಬರ ನಡುವೆ ಒಂದು ಮಾತೂ ಇರಲಿಲ್ಲ. ಹೊರಗೆ ಹುಮನಾಬಾದಿನ ಹೆದ್ದಾರಿಯಲ್ಲಿ ಹೈದರಾಬಾದಿನ ಲಾರಿಗಳು ಸೊಲ್ಲಾಪುರದ ಕಡೆಗೆ, ಸೊಲ್ಲಾಪುರದವು ಹೈದರಾಬಾದಿನ ಕಡೆಗೆ ಹೋಗುತ್ತಲೇ ಇದ್ದವು.

ಮಾತು ನಿಂತದ್ದು ಹಿಂದಿನ ದಿನ ಊಟದ ಹೊತ್ತಿಗೆ. "ಶುಕ್ರವಾರದಿಂದ ಜುಬೇರ ಬಂದು ಅಂಗಡಿ ನೋಡಕೋತಾನ. ನೀ ಇನ್ನ ಮನ್ಯಾಗ ಇರು," ಎಂದಿದ್ದ ಯುನೂಸ್. ಜುಬೇರ ಅವನ ಅಕ್ಕನ ಮಗ. ಬಸವಕಲ್ಯಾಣದಲ್ಲಿ ಜೀಪು, ಮೋಟಾರ್‌ಸೈಕಲ್‌ಗಳ ಸೀಟಿಗೆ ರೆಗ್ಜಿನ್ ಹೊಲಿಯುತ್ತಿದ್ದ. ಒಳ್ಳೆಯ ಹುಡುಗನೇ. ಆದರೆ ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುವುದು ಅವನಿಗೆ ಬರುತ್ತಿರಲಿಲ್ಲ. ಸುಮೇರಾಳಿಗೆ ಬರುತ್ತಿತ್ತು.

ಎಂಟನೇ ಇಯತ್ತೆಗೆ ಶಾಲೆ ಬಿಟ್ಟು ಅಂಗಡಿಯ ಪರದೆಯ ಹಿಂದೆ ಕುಳಿತಾಗ ಅವಳ ಕೆಲಸ ದಾರಕ್ಕೆ ಮೇಣ ಹಚ್ಚುವುದಷ್ಟೇ ಆಗಿತ್ತು. ಆಮೇಲೆ ಅಪ್ಪನ ಕಣ್ಣುಗಳಿಗೆ ಮಂಜು ಕವಿಯಿತು. ದವಾಖಾನೆಗೆ ಹೋಗಿ ಬಂದರೂ ಹರಿಯಲಿಲ್ಲ. ಹೊಲಿಗೆ ಸ್ವಲ್ಪ ಸ್ವಲ್ಪವಾಗಿ ಅವನ ಕೈಯಿಂದ ಅವಳ ಕೈಗೆ ದಾಟಿತು. ಅಡತಿ ಬಜಾರಿನ ಸಾಹುಕಾರರು ತೊಗರಿ ಲಾರಿಯ ಮೇಲಿನ ತಾಡಪತ್ರಿಯ ಹೊಲಿಗೆಯನ್ನು ತಟ್ಟಿ ನೋಡಿ, "ಯುನೂಸ್ ಭಾಯಿ ಟಾಕಾ ಅಂದ್ರ ಟಾಕಾ," ಎನ್ನುತ್ತಿದ್ದರು. ಪರದೆಯ ಹಿಂದೆ ಸುಮೇರಾ ತುಟಿ ಬಿಗಿಹಿಡಿದು ನಗುತ್ತಿದ್ದಳು. ಹೆಸರು ಯಾರದಾದರೇನು, ಕೆಲಸ ತನ್ನ ಕೈಯಲ್ಲಿದೆಯಲ್ಲ ಎಂದುಕೊಂಡಿದ್ದಳು. ಈಗ ಕೆಲಸವೂ ಹೋಗುವುದರಲ್ಲಿತ್ತು. ಬೇಡ ಎನ್ನಬೇಕೆಂದು ಊಟದ ಮುಂದೆ ಬಾಯಿ ತೆರೆದಿದ್ದಳು. ಬಾಯಿಂದ ಬಂದದ್ದು, "ಇನ್ನೊಂದ್ ರೊಟ್ಟಿ ಹಾಕ್ಲೇನು?" ಎಂಬುದಷ್ಟೇ.

ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಎದುರಿನ ಚಹಾದ ಹೋಟೆಲಿನ ಮುಂದೆ ಮಿಲಿಟರಿಯವರ ಲಾರಿಗಳು ಬಂದು ನಿಂತವು. ಹಸಿರು ಬಣ್ಣದವು, ಒಂದರ ಹಿಂದೊಂದು, ಮುಂದೆ ಒಂದು ಜೀಪು. ಪುಣೆಯ ಕಡೆಗೆ ಹೊರಟಿದ್ದವು. ಹೋಟೆಲಿನ ಶಕುಂತಲಾಬಾಯಿ ಸೆರಗು ಸಿಕ್ಕಿಸಿಕೊಂಡು ದೊಡ್ಡ ಪಾತೇಲಿ ಒಲೆಗೆ ಏರಿಸಿದಳು. ದಪ್ಪ ಮೀಸೆಯ ಸುಬೇದಾರ ಸಾಹೇಬ ಜೀಪಿನಿಂದ ಇಳಿದು, ಟೋಪಿ ತೆಗೆದು ಬಾನೆಟ್ಟಿನ ಮೇಲಿಟ್ಟು, ಮೈ ಮುರಿದ.

ಅದೇ ತಪ್ಪಾಯಿತು.

ಆ ಹೋಟೆಲಿನ ಹಿಂದಿನ ಹುಣಸೆಮರಗಳಲ್ಲಿ ಮುಸುವಗಳ ಒಂದು ದಂಡು ಇತ್ತು. ಅದರ ಹಿರಿಯ ಗಡವನಿಗೆ ಊರವರು ಪೊಲೀಸ್ ಸಾಹೇಬನೆಂಬ ಅರ್ಥದಲ್ಲಿ ಫೌಜದಾರ ಎಂದು ಹೆಸರಿಟ್ಟಿದ್ದರು. ಕಪ್ಪು ಮುಖ, ಬಿಳಿ ಹುಬ್ಬು, ಹಗ್ಗದಂಥ ಬಾಲ. ದಿನಾ ಮರದಿಂದ ಇಳಿದು ಬಾಳೆಹಣ್ಣಿನ ಗಾಡಿಯಿಂದ ಒಂದು ಹಣ್ಣು, ಶಕುಂತಲಾಬಾಯಿಯಿಂದ ಒಂದು ಪಾವುಬ್ರೆಡ್ ವಸೂಲಿ ಮಾಡಿಕೊಂಡು, ಯಾರ ಕಡೆಗೂ ನೋಡದೆ ಹೋಗುತ್ತಿತ್ತು. ಕೊಡದವರ ಗಾಡಿಯ ಮೇಲೆ ಉಚ್ಚೆ ಹೊಯ್ಯುತ್ತಿತ್ತು. ಹಾಗಾಗಿ ಎಲ್ಲರೂ ಕೊಡುತ್ತಿದ್ದರು.

ಪರದೆಯ ಸಂದಿನಿಂದ ಸುಮೇರಾ ನೋಡುತ್ತಿದ್ದಂತೆಯೇ ಇಡೀ ದಂಡು ಮರದಿಂದ ಸುರಿಯಿತು. ಒಂದು ಸುಬೇದಾರನ ಟೋಪಿ ಎತ್ತಿಕೊಂಡು ಹೋಯಿತು. ಒಂದು ಜೀಪಿನ ಕನ್ನಡಿಯಲ್ಲಿ ತನ್ನ ಮುಖ ಕಂಡು, ಅದರ ಕೆನ್ನೆಗೆ ಹೊಡೆದು, ಹೊಡೆದದ್ದು ಸಾಲದೆ ಕನ್ನಡಿಯನ್ನೇ ತಿರುವಿ ಕಿತ್ತಿತು. ಮರಿಗಳು ಲಾರಿಯ ವೈಪರ್ ಹಿಡಿದು ಜೋಕಾಲಿಯಾಡಿದವು. ಸೈನಿಕರು ಚಹಾದ ಕಪ್ಪು ಹಿಡಿದವರು ಹಿಡಿದಂತೆಯೇ ನಿಂತುಬಿಟ್ಟರು. ಯಾವ ಯುದ್ಧಕ್ಕೆ ಏನು ಮಾಡಬೇಕೆಂದು ಕಲಿತವರಿಗೆ ಇದಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ಹೊಡೀಬ್ಯಾಡ್ರಿ ಸಾಬ್! ಹನುಮಪ್ಪ ಇದ್ದಾನ!" ಎಂದು ಶಕುಂತಲಾಬಾಯಿ ಸೌಟು ಎತ್ತಿ ಕೂಗಿದಳು.

"ಹನುಮಪ್ಪಗ ನನ್ನ ಟೋಪಿ ಯಾಕ ಬೇಕಂತ ಕೇಳ್ರಿ," ಎಂದ ಒಬ್ಬ ಡ್ರೈವರ್, ಸುಬೇದಾರನ ಹಿಂದಿ ಬೈಗುಳವನ್ನು ಅವಳಿಗೆ ತಿಳಿಯುವಂತೆ ಹೇಳಿ. ಅವನ ಹೆಸರು ಅಜೀತ, ನಿಪ್ಪಾಣಿ ಕಡೆಯವನು. ಆ ಮಿಲಿಟರಿಯವರಲ್ಲಿ ಕನ್ನಡ ಬರುತ್ತಿದ್ದವನು ಅವನೊಬ್ಬನೇ.

ಅಷ್ಟರಲ್ಲಿ ಕೊನೆಯ ಲಾರಿಯ ಕಡೆಯಿಂದ ಪರ್‍ರ್ ಎಂದು ಸದ್ದಾಯಿತು. ಅದು ರೇಷನ್ ಲಾರಿ. ಒಳಗೆ ಸೈನಿಕರ ಶಕ್ಕರಪಾರೆ, ಬಿಸ್ಕೀಟಿನ ಡಬ್ಬಗಳು. ಮೇಲಿನ ಹುಡ್‌ನ ಬಟ್ಟೆ ಹಳೆಯದು. ಫೌಜದಾರ ಅದರ ನೆತ್ತಿಯ ಮೇಲೆ ಕುಳಿತು ಎರಡೂ ಕೈಯಿಂದ ಒಂದಾಳುದ್ದ ಸೀಳಿಬಿಟ್ಟಿತ್ತು. ಸೈನಿಕರು ತಾಟು ಬಡಿದರು, ಕೂಗಿದರು, ಯಾರೋ ಒಬ್ಬ ಶಿಳ್ಳೆ ಊದಿದ. ದಂಡು ಬಂದ ಹಾಗೆಯೇ ಮರಕ್ಕೆ ಏರಿ ಮಾಯವಾಯಿತು. ಟೋಪಿ ಹುಣಸೆಯ ತುದಿಕೊಂಬೆಗೆ ತೂಗುತ್ತಿತ್ತು.

"ಹಿಂಗ ಹರಕೊಂಡು ಪುಣೆಗೆ ಹ್ಯಾಂಗ ಹೋಗೋದು? ಹೊಲಿಯೋರು ಯಾರರ ಅದಾರೇನ್ ಬಾಯಿ?" ಎಂದು ಅಜೀತ ಕೇಳಿದ.

"ಎದುರಿಗೇ ಅದಾನಲ್ಲೋ ಯುನೂಸ್ ಭಾಯಿ. ಅವನ ಟಾಕಾ ಬಿಚ್ಚಬೇಕಂದ್ರ ಯಮಧರ್ಮ ಬರಬೇಕು."

ಪರದೆಯ ಹಿಂದೆ ಸುಮೇರಾ ದಾರ ಕೆಳಗಿಟ್ಟಳು. ಹುಡ್ ಬಿಚ್ಚಿ ಅಂಗಡಿಗೆ ತರುವಂತಿರಲಿಲ್ಲ. ಹಿಂಬದಿಯ ಹಗ್ಗಕ್ಕೆ ಸೀಸದ ಸೀಲು ಬಿದ್ದಿತ್ತು. ಅದನ್ನು ಪುಣೆಯಲ್ಲಿ ದೊಡ್ಡ ಸಾಹೇಬರ ಮುಂದೆಯೇ ಒಡೆಯಬೇಕು. ಲಾರಿಯ ನೆತ್ತಿಗೆ ಹತ್ತಿ ಹೊಲಿಯಬೇಕು, ನಟ್ಟ ನಡು ರಸ್ತೆಯಲ್ಲಿ, ಅಷ್ಟು ಗಂಡಸರ ಎದುರು.

ಯುನೂಸ್ ಎದ್ದು ನಿಂತ. ಆಮೇಲೆ ಹಳೆಯ ತಾಡಪತ್ರಿಯೊಂದನ್ನು ಹೆಗಲಿಗೆ ಹಾಕಿಕೊಂಡು, "ಸಾಬ್, ಬಿಸಿಲ ಭಾಳ ಅದ. ಮ್ಯಾಲ ನೆರಳ ಕಟ್ಟಕೋತೀವಿ. ಮಗಳು ಸೂಜಿ ಕೊಡಾಕ ಬರ್ತಾಳ," ಎಂದ. ಏಣಿ ಹತ್ತುವಾಗ ಅವಳಿಗೆ ಮಾತ್ರ ಕೇಳಿಸುವಂತೆ, "ಇದೊಂದು ಸರೀಗಿ ಹೊಲಿ ಬೇಟಿ. ಆಮ್ಯಾಲ ಜುಬೇರನ ಮಾತು ನೋಡೋಣು," ಎಂದ.

ನಿನ್ನೆಯಿಂದ ಅಪ್ಪ ಅವಳೊಡನೆ ಆಡಿದ ಮೊದಲ ಮಾತು ಅದು. ಸುಮೇರಾಳ ಕೈಗೆ ಜೀವ ಬಂತು.

ಕಂಬಿಗಳಿಗೆ ಕಟ್ಟಿದ ತಾಡಪತ್ರಿಯ ಮರೆಯಲ್ಲಿ ಅವಳು ಮಂಡಿಯೂರಿ ಕುಳಿತಳು. ಯುನೂಸ್ ಕೆಳಗಿನವರಿಗೆ ಕಾಣುವಂತೆ ಅಂಚಿನಲ್ಲಿ ಕುಳಿತು, "ಹಾಂ, ಜಗ್ಗು... ಹಾಂ, ಹಿಡಿ," ಎಂದು ತಾನೇ ಹೊಲಿಯುತ್ತಿರುವವನಂತೆ ದನಿ ಮಾಡುತ್ತಿದ್ದ. ಸೀಳು ಬಾಯಿ ತೆರೆದುಕೊಂಡಿತ್ತು. ಸುಮೇರಾ ಕಣ್ಣು ಮುಚ್ಚಿಕೊಂಡಳು.

ಅವರ ಮನೆತನದ ಕಸುಬಿನಲ್ಲಿ ಅದೊಂದು ರೀತಿ. ಮುಚ್ಚುವವನು ಮಾಲು ನೋಡಬಾರದು. ನೋಡಿದರೆ, ನಾಳೆ ಏನಾದರೂ ಕಳುವಾದಾಗ ಮೊದಲು ಬರುವ ಹೆಸರು ಅವನದೇ. ಯುನೂಸನ ಅಜ್ಜ ಬಂಡಿಗಳ ಕಾಲದಲ್ಲಿ ಹಾಗೆ ಹೊಲಿದ, ಅಪ್ಪ ಹಾಗೆ ಹೊಲಿದ. ಹರಿದ ಬಾಯಿಗೆ ಬಂದ ಕೂಡಲೇ ಕಣ್ಣು ಮುಚ್ಚಬೇಕು, ಬೆರಳು ನೋಡಬೇಕು. ಸುಮೇರಾ ಕಲಿತದ್ದೂ ಹಾಗೆಯೇ. ಕಣ್ಣು ಬಿಟ್ಟುಕೊಂಡು ಹೊಲಿದರೆ ಅವಳ ಗೆರೆ ಸೊಟ್ಟಗಾಗುತ್ತಿತ್ತು.

ಅರ್ಧ ಹೊಲಿಗೆ ಆಗುವಷ್ಟರಲ್ಲಿ ಒಳಗಿನಿಂದ ಕರುಂ ಕರುಂ ಎಂದು ಸದ್ದು ಕೇಳಿತು. ಅವಳು ಸೂಜಿ ನಿಲ್ಲಿಸಿದಳು. ಸದ್ದೂ ನಿಂತಿತು. ಮತ್ತೆ ಹೊಲಿದಳು. ಕರುಂ ಕರುಂ. ಇನ್ನೊಂದು ಟಾಕಾ ಹಾಕುವಾಗ ಬೆರಳಿಗೆ ಬಿಸಿ ಉಸಿರಿನಂಥದು ತಾಕಿತು.

"ಅಬ್ಬಾ," ಎಂದು ಅಪ್ಪನನ್ನು ಪಿಸುಮಾತಿನಲ್ಲಿ ಕರೆದಳು, "ಒಳಗ ಏನೋ ಅದ."

"ಅದ ಅಂತಲೇ ಮುಚ್ಚಾಕತ್ತೀವಿ. ಹೊಲಿ."

ಅವಳು ಹೊಲಿದಳು. ಕೊನೆಯ ಗಂಟನ್ನು ಮಡಿಕೆಯ ಒಳಗೆ, ಯಾರಿಗೂ ಸಿಗದ ಕಡೆ ಬಚ್ಚಿಟ್ಟಳು. ಅದು ಅಪ್ಪ ಕಲಿಸಿದ್ದಲ್ಲ, ಅವಳೇ ಕಂಡುಕೊಂಡದ್ದು.

ಸುಬೇದಾರ ಸಾಹೇಬ ಏಣಿ ಹತ್ತಿ ಎರಡೂ ಕೈಯಿಂದ ಹೊಲಿಗೆಯನ್ನು ಜಗ್ಗಿದ. ಹೊಲಿಯುವ ಮೊದಲು ಒಳಗೆ ಇಣುಕಿ ನೋಡಬೇಕೆಂದು ಅವನಿಗೂ ಅನಿಸಿರಲಿಲ್ಲ. ಸೀಲು ಒಡೆಯದೆ ಮಾಲು ನೋಡಿದರೆ ಅದಕ್ಕೂ ಜವಾಬು ಕೊಡಬೇಕಾಗುತ್ತಿತ್ತು. "ಪಕ್ಕಾ ಕಾಮ್," ಎಂದು ಯುನೂಸನ ಬೆನ್ನು ತಟ್ಟಿದ. ಯುನೂಸ್ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಲಾರಿಗಳು ಹೊರಟುಹೋದವು. ಸುಮೇರಾ ಪರದೆಯ ಹಿಂದೆ ಬಂದು ಕುಳಿತು, ಅಪ್ಪ ಈಗ ಹೇಳುತ್ತಾನೆ, ಇನ್ನೊಂದು ಗಳಿಗೆಗೆ ಹೇಳುತ್ತಾನೆ ಎಂದು ಕಾದಳು. ಅಪ್ಪ ಚಹಾ ತರಿಸಿ ಕುಡಿದ. ಅವಳಿಗೂ ಅರ್ಧ ಕಪ್ಪು ಕೊಟ್ಟ. ಜುಬೇರನ ಹೆಸರು ಎತ್ತಲಿಲ್ಲ.

ಕಪ್ಪು ಒಯ್ಯಲು ಬಂದ ಶಕುಂತಲಾಬಾಯಿ ಹೊಸ್ತಿಲಲ್ಲಿ ನಿಂತು ಮರದ ಕಡೆ ನೋಡಿದಳು. "ಯುನೂಸ್ ಭಾಯಿ, ಒಂದ್ ವಿಚಿತ್ರ ನೋಡು. ನಮ್ಮ ಫೌಜದಾರ ಇವತ್ತ ಹಫ್ತಾ ವಸೂಲಿಗೆ ಬಂದೇ ಇಲ್ಲ. ಪಾವು ಹಂಗೇ ಕುಂತದ. ಮಳಿ ಇರಲಿ ಬಿಸಿಲಿರಲಿ, ತಪ್ಪಿಸಿದಂವಲ್ಲ."

"ಮಿಲಿಟರಿಯೋರಿಗಿ ಅಂಜಿ ಓಡಿರಬೇಕು."

"ಅಂವ ಅಂಜತಾನ? ಕಡೀಕ ಆ ಲಾರಿ ಮ್ಯಾಲ ಕುಂತದ್ದ ನೋಡಿದ್ದೆ. ಇಳದದ್ದು ಮಾತ್ರ ನಾ ನೋಡಿಲ್ಲಪ್ಪ."

ಸುಮೇರಾಳ ಕೈಯಲ್ಲಿದ್ದ ಕಪ್ಪು ಜಾರಿ ನೆಲಕ್ಕೆ ಬಿತ್ತು. ಕರುಂ ಕರುಂ. ಬಿಸಿ ಉಸಿರು. ಅವಳು ಅಪ್ಪನ ಮುಖ ನೋಡಿದಳು. ಅಪ್ಪನಿಗೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ಅವನ ಕೈ ಗಡ್ಡಕ್ಕೆ ಹೋಯಿತು.

"ಯಾ ಅಲ್ಲಾ," ಎಂದ ಯುನೂಸ್.

"ಏನಾತು? ಏನಾತಂತ ಹೇಳ್ರಿ ಇಬ್ಬರೂ!" ಎಂದಳು ಶಕುಂತಲಾಬಾಯಿ.

ಯಾರೂ ಹೇಳುವ ಮೊದಲೇ ಯುನೂಸನ ಫೋನು ಬಡಿದುಕೊಂಡಿತು. ಅಂಗಡಿಯ ಫಲಕದ ಮೇಲಿನ ನಂಬರನ್ನು ಅಜೀತ ಬರೆದುಕೊಂಡಿದ್ದನಂತೆ. ಅವನ ದನಿ ಪರದೆಯಾಚೆಗೂ ಕೇಳುವಷ್ಟು ಜೋರಾಗಿತ್ತು. "ಚಾಚಾ, ಕಲ್ಯಾಣ ಕ್ರಾಸಿಗಿ ಲಗೂ ಬರ್ರಿ! ಲಾರಿಯೊಳಗಿಂದ ಯಾರೋ ಒದಿಯಾಕತ್ತಾರ!"

ಬಸವಕಲ್ಯಾಣದ ಕೆಂಪು ಬಸ್ಸು ಸಿಕ್ಕಿದ್ದು ಪುಣ್ಯ. ಶಕುಂತಲಾಬಾಯಿ ಒಲೆ ಆರಿಸಿ ತಾನೂ ಹತ್ತಿದಳು. "ನಮ್ಮ ಫೌಜದಾರನ್ನ ಪುಣೆಗಿ ಬದಲಿ ಮಾಡಿದ್ರ ಹ್ಯಾಂಗ?" ಎಂದು ಆಧಾರ್ ಕಾರ್ಡು ಹುಡುಕುತ್ತಲೇ ಕಂಡಕ್ಟರನಿಗೆ ಹೇಳಿದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಸುಮೇರಾ ದುಪಟ್ಟಾವನ್ನು ಹಣೆಯವರೆಗೆ ಎಳೆದುಕೊಂಡು ಕಿಟಕಿಗೆ ಅಂಟಿ ಕುಳಿತಳು. ಆ ಹೊತ್ತಿಗಾಗಲೇ ಸುದ್ದಿ ಬಸ್ಸಿನೊಳಗೆ ಬಂದು ಮುಟ್ಟಿತ್ತು. ಎಲ್ಲರ ಕೈಯಲ್ಲೂ ಫೋನು.

"ಕ್ರಾಸಿನ್ಯಾಗ ಮಿಲಿಟರಿ ಲಾರಿ ಮಾತಾಡಾಕತ್ತದಂತ್ರಿ."

"ಲಾರಿ ಹ್ಯಾಂಗ ಮಾತಾಡತದಲೇ?"

"ನೀ ಒಮ್ಮಿ ಬಡದ್ರ ಅದೂ ಒಮ್ಮಿ ಬಡೀತದಂತ. ಎರಡ್ ಸಲ ಬಡದ್ರ ಬೈತದಂತ."

"ಒಳಗ ಬಾಂಬ್ ಅದಂತ ನಮ್ಮ ಅಳಿಯ ಹಾಕ್ಯಾನ."

"ಬಾಂಬ್ ಬಿಸ್ಕೀಟ್ ತಿಂತದೇನು? ಕಚಕಚ ತಿನ್ನೋ ಸಪ್ಪಳ ಇಲ್ಲೇ ಕೇಳಸ್ತದ, ಕೇಳು."

ಸುಮೇರಾ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ಕೇಳಿಸಿತು.

ಕ್ರಾಸಿನಲ್ಲಿ ಕಂಡದ್ದು ನೋಡಿ ಮೂವರೂ ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಸರ್ವಿಸ್ ರಸ್ತೆಯ ಅಂಚಿನಲ್ಲಿ ರೇಷನ್ ಲಾರಿ ನಿಂತಿತ್ತು. ಅದರ ಸುತ್ತ ಸೈನಿಕರು ಬಂದೂಕು ಹಿಡಿದು, ತಮ್ಮದೇ ಲಾರಿಗೆ ತಾವೇ ಗುರಿಯಿಟ್ಟು ನಿಂತಿದ್ದರು. ಅವರ ಹಿಂದೆ ಊರ ಮಂದಿ. ಯಾರೋ ಆಗಲೇ ಲಾರಿಯ ಮುಂದಿನ ಚಕ್ರದ ಹತ್ತಿರ ತೆಂಗಿನಕಾಯಿ ಒಡೆದಿದ್ದರು. ಬಂಪರಿಗೆ ಕುಂಕುಮ ಬಿದ್ದಿತ್ತು. ಎಲ್ಲಕ್ಕಿಂತ ಮುಂದೆ ಸುಬೇದಾರ ಸಾಹೇಬ ಬರಿತಲೆಯಲ್ಲಿ ನಿಂತು, "ಕೌನ್ ಹೈ ಅಂದರ್? ಹಾಥ್ ದಿಖಾವೋ!" ಎಂದು ಗರ್ಜಿಸುತ್ತಿದ್ದ.

ಹುಡ್‌ನ ಪಕ್ಕದಲ್ಲಿ ಹಗ್ಗ ಪೋಣಿಸುವ ಒಂದು ತೂತಿತ್ತು. ಅದರೊಳಗಿಂದ ಒಂದು ಕಪ್ಪು ಕೈ ಹೊರಬಂತು. ಬೆರಳುಗಳನ್ನು ಅಗಲಿಸಿತು. ಮಡಚಿತು. ಮತ್ತೆ ಒಳಗೆ ಹೋಯಿತು.

ಒಬ್ಬ ಸೈನಿಕನ ಬಂದೂಕಿನ ತುದಿ ತಾನಾಗಿಯೇ ನೆಲಕ್ಕೆ ಇಳಿಯಿತು.

"ಹೇಳಿದ ಕೂಡಲೇ ಕೈ ತೋರಿಸ್ತು," ಎಂದ ಜನರಲ್ಲಿ ಒಬ್ಬ, ಬಹಳ ಸಣ್ಣ ದನಿಯಲ್ಲಿ. "ನಮ್ಮ ಮಕ್ಕಳು ಸುದಾ ಇಷ್ಟು ಮಾತು ಕೇಳಂಗಿಲ್ಲ."

"ಫೌಜದಾರ!" ಎಂದು ಶಕುಂತಲಾಬಾಯಿ ಕಿರುಚಿದಳು. ಸುಬೇದಾರ ಗಾಬರಿಯಾಗಿ ಸುತ್ತ ನೋಡಿದ. ಪೊಲೀಸರು ಬಂದರು ಎಂದುಕೊಂಡಿರಬೇಕು.

ಅಜೀತ ಓಡಿಬಂದ. ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು. "ಚಾಚಾ, ನಾಲ್ಕು ಮಂದಿ ಜಗ್ಗಿದ್ವಿ, ಒಂದು ಟಾಕಾ ಸುದಾ ಬಿಚ್ಚಲಿಲ್ಲ. ಬಟ್ಟಿ ಕೊಯ್ಯೂಣು ಅಂದ್ರ ಸಾಹೇಬ ಒಪ್ಪಾಂಗಿಲ್ಲ. ಹುಡ್ ಸರ್ಕಾರದ್ದಂತ, ಸೀಲ್ ಸರ್ಕಾರದ್ದಂತ, ಒಳಗಿನ ಮಾಲೂ ಸರ್ಕಾರದ್ದಂತ. ಟಾಕಾ ಒಂದೇ ಹೊರಗಿಂದು. ಅದನ್ನ ಯಾರು ಹಾಕ್ಯಾರೋ ಅವರೇ ಬಂದು ಬಿಚ್ಚಲಿ ಅಂತ ಹುಕುಂ ಮಾಡ್ಯಾರ."

ಸುಬೇದಾರ ಯುನೂಸನ ಮುಂದೆ ಬಂದು ನಿಂತ. ಹೊಲಿಗೆ ಯಾರದು ಎಂದು ಹಿಂದಿಯಲ್ಲಿ ಕೇಳಿದ.

"ನಂದೇ, ಸಾಬ್," ಎಂದ ಯುನೂಸ್.

"ಹಾಗಾದರೆ ಬಿಚ್ಚು."

ಜನ ದಾರಿ ಬಿಟ್ಟರು. ಅವರ ನಡುವೆ ಸುಮೇರಾಳಿಗೆ ಒಂದು ಪರಿಚಿತ ಮುಖ ಕಂಡಿತು: ಜುಬೇರ. ಸುದ್ದಿ ಕೇಳಿ ಕಲ್ಯಾಣದಿಂದ ಮೋಟಾರ್‌ಸೈಕಲ್ ಮೇಲೆ ಬಂದಿದ್ದ. "ಮಾಮೂ! ಇದು ನಿಮ್ಮ ಕೆಲಸೇನು? ಮಂಗ್ಯಾನ್ನ ಪಾರ್ಸಲ್ ಮಾಡೀರಿ!" ಎಂದು ನಕ್ಕ. ಸುತ್ತಲಿನವರೂ ನಕ್ಕರು. ಯುನೂಸ್ ನಗಲಿಲ್ಲ. ಏಣಿಯ ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಹತ್ತಿದ. ನೆತ್ತಿಯ ಮೇಲೆ ಕುಳಿತು ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದ. ಆ ತುದಿಗೆ ಹೋದ, ಈ ತುದಿಗೆ ಬಂದ. ಮತ್ತೆ ಹೋದ. ಅವನ ಬೆರಳ ಕೆಳಗೆ ಬಟ್ಟೆ ಒಳಗಿನಿಂದ ಉಬ್ಬಿ ಇಳಿಯುತ್ತಿತ್ತು; ಒಳಗಿನವನು ಮೇಲಿನವ ಹೋದಲ್ಲೆಲ್ಲ ಬರುತ್ತಿದ್ದ. ಜನ ಬಾಯಿ ತೆರೆದು ನೋಡುತ್ತಿದ್ದರು.

"ಕ್ಯಾ ಹುವಾ?" ಎಂದ ಸುಬೇದಾರ.

"ಗಂಟ... ಗಂಟ ಸಿಗವಲ್ದು ಸಾಬ್. ನಡುವ ಕೊಯ್ದ್ರ ನಿಮ್ಮ ಬಟ್ಟಿ ಹರೀತದ."

"ನೀನೇ ಹಾಕಿದ ಗಂಟು ನಿನಗೆ ಸಿಗುತ್ತಿಲ್ಲವೇ?"

ಯಾರೋ ಶಿಳ್ಳೆ ಹಾಕಿದರು. "ಕಾಕಾ, ಕಣ್ಣು ಮನ್ಯಾಗ ಬಿಟ್ಟು ಬಂದೀರೇನು?" ಎಂದ ಇನ್ನೊಬ್ಬ. ಅದು ತಮಾಷೆಗೆ ಆಡಿದ ಮಾತು. ಆದರೆ ಯುನೂಸ್ ಹೊಲಿಗೆಯ ಮೇಲೆ ಇಟ್ಟ ಕೈಯನ್ನು ತಟ್ಟನೆ ಎತ್ತಿಕೊಂಡ. ಅವನ ಬಿಳಿಮಂಜಿನ ಕಣ್ಣುಗಳು ಕೆಳಗಿನ ಜನರಲ್ಲಿ ಯಾರನ್ನೋ ಹುಡುಕಿದವು. ಯಾರನ್ನು ಎಂದು ಸುಮೇರಾಳಿಗೆ ಗೊತ್ತಿತ್ತು.

ಅವಳು ಗೊತ್ತಿದ್ದೂ ನಿಂತಲ್ಲೇ ನಿಂತಳು. ಸುಮ್ಮನಿದ್ದರೆ ಅಪ್ಪ ಹೇಗೋ ದಾರ ಕೊಯ್ದು ಇಳಿಯುತ್ತಾನೆ. ತಪ್ಪು ಅಪ್ಪನದಾಗುತ್ತದೆ, ಮುದುಕನ ಕಣ್ಣು ಎಂದು ಜನ ನಗುತ್ತಾರೆ, ನಾಳೆ ಮರೆಯುತ್ತಾರೆ. ಆಮೇಲೆ ಶುಕ್ರವಾರ ಬರುತ್ತದೆ. ಹೊಲಿಗೆ ಅಪ್ಪನದೇ ಆಗಿ ಉಳಿಯುತ್ತದೆ, ಅಂಗಡಿ ಜುಬೇರನದಾಗುತ್ತದೆ. ಬಾಯಿ ಬಿಟ್ಟರೆ ಅಪ್ಪನ ಮಾತು ಸುಳ್ಳಾಗುತ್ತದೆ, ಇಷ್ಟು ಜನರ ಮುಂದೆ, ಅಪ್ಪ ಲಾರಿಯ ಮೇಲಿರುವಾಗಲೇ.

"ನಾ ಹೊಲ್ದೀನ್ರಿ," ಎಂದಳು ಸುಮೇರಾ.

ಪಕ್ಕದಲ್ಲಿದ್ದ ಶಕುಂತಲಾಬಾಯಿಗಷ್ಟೇ ಕೇಳಿಸಿತು. ಅವಳು ಸುಮೇರಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನಂದಿ ಯವ್ವಾ?"

"ಟಾಕಾ ನಂದು. ಅಬ್ಬಾಂದಲ್ಲ. ನಾ ಹೊಲ್ದೀನಿ." ಈ ಸಲ ಅದು ಎಲ್ಲರಿಗೂ ಕೇಳಿಸಿತು. ಅವಳ ದನಿ ಅಷ್ಟು ದೊಡ್ಡದೆಂದು ಅವಳಿಗೂ ಗೊತ್ತಿರಲಿಲ್ಲ.

ಅಜೀತ ಅದನ್ನು ಹಿಂದಿಗೆ ತಿರುಗಿಸಿದ. ಸುಬೇದಾರ ಮೀಸೆಯ ಮೇಲಿಂದ ಕೈ ತೆಗೆದ. ಜುಬೇರನ ನಗು ಮುಖದ ಮೇಲೆಯೇ ಹಾಗೇ ನಿಂತುಬಿಟ್ಟಿತು. "ನಮ್ಮ ಸುಮೇರಾ?" ಎಂದ ಅವನು, ಯಾರಿಗೂ ಅಲ್ಲ. "ಅಡತಿ ಬಜಾರಿಂದು... ಅದೆಲ್ಲಾ?"

"ಎರಡ ವರ್ಷದಿಂದ ನಾ ಯಾರಿಗಿ ಶಹಬ್ಬಾಸ್ ಅನಾಕತ್ತೇನಿ ಹಂಗಾದ್ರ!" ಎಂದು ಶಕುಂತಲಾಬಾಯಿ ಎದೆಗೆ ಕೈ ಹಚ್ಚಿದಳು.

ಸುಮೇರಾ ಏಣಿ ಹತ್ತಿದಳು. ಅಪ್ಪ ಅವಳಿಗೆ ಜಾಗ ಬಿಟ್ಟು ಸರಿದ. ಅವಳ ಕಡೆಗೆ ಮುಖ ತಿರುಗಿಸಲಿಲ್ಲ. ಅವಳು ಮಡಿಕೆಯೊಳಗೆ ಬೆರಳು ತೂರಿಸಿ ಗಂಟು ಹಿಡಿದಳು. ಅದೇ ಗಳಿಗೆಗೆ ಒಳಗಿನಿಂದ ತಣ್ಣನೆಯ, ಸುಕ್ಕುಗಟ್ಟಿದ ಬೆರಳುಗಳು ಬಂದು ಅವಳ ಬೆರಳುಗಳನ್ನು ಹಿಡಿದವು. ಅವಳು ಕೈ ಎಳೆದುಕೊಳ್ಳಹೋಗಿ ನಿಂತಳು. ಆ ಹಿಡಿತ ನೋಯಿಸುವಂಥದಾಗಿರಲಿಲ್ಲ. ಗದ್ದಲದಲ್ಲಿ ಮಕ್ಕಳು ಕೈ ಹಿಡಿಯುತ್ತವಲ್ಲ, ಹಾಗಿತ್ತು. ಇನ್ನೊಂದು ಕೈಯಿಂದ ಅವಳು ಅಪ್ಪನ ಮಗ್ಗುಲಲ್ಲಿದ್ದ ಚಾಕು ತೆಗೆದು ಗಂಟಿಗೆ ಕೊಟ್ಟಳು.

ಈ ಸಲ ಅವಳು ಕಣ್ಣು ಬಿಟ್ಟುಕೊಂಡೇ ಹೊಲಿಗೆಯ ಮೇಲೆ ಬಾಗಿದ್ದಳು. ದಾರ ಟಾಕಾ ಟಾಕಾ ಬಿಚ್ಚಿಕೊಳ್ಳುತ್ತ ಹೋಯಿತು. ಸೀಳಿನಿಂದ ಕಪ್ಪು ಮುಖ ಮೇಲೆದ್ದು ಬಂತು. ಎರಡೂ ಕೆನ್ನೆಗಳು ಶಕ್ಕರಪಾರೆ ತುಂಬಿ ಬುಗುರಿಯಂತೆ ಉಬ್ಬಿದ್ದವು. ಫೌಜದಾರ ಎದೆಯವರೆಗೆ ಹೊರಬಂದು, ಎರಡೂ ಕೈ ಹುಡ್‌ನ ಮೇಲೆ ಊರಿ, ಬಂದೂಕು ಹಿಡಿದ ಸೈನಿಕರನ್ನು ಒಬ್ಬೊಬ್ಬರನ್ನಾಗಿ ನೋಡಿತು. ಪರೇಡು ನೋಡಲು ಬಂದ ದೊಡ್ಡ ಸಾಹೇಬನೇ ಸರಿ. ಒಬ್ಬ ಸೈನಿಕನ ಕೈ ಹಣೆಯ ಅರ್ಧಕ್ಕೆ ಹೋಗಿ, ನಾಚಿ ಇಳಿಯಿತು.

ಮರುಗಳಿಗೆಯೇ ಅದು ಹಾರಿತು. ಲಾರಿಯ ನೆತ್ತಿಯಿಂದ ಕ್ಯಾಬಿನ್ನಿಗೆ, ಕ್ಯಾಬಿನ್ನಿನಿಂದ ಮುಂದೆ ನಿಂತಿದ್ದ ಸುಬೇದಾರನ ಜೀಪಿಗೆ. ಡ್ರೈವರನ ಸೀಟಿನಲ್ಲಿ ಕುಳಿತು ಸ್ಟಿಯರಿಂಗ್ ಹಿಡಿಯಿತು. ಹಾರ್ನ್ ಬಡಿಯಿತು, ಬಡಿದದ್ದಕ್ಕೆ ತಾನೇ ಬೆಚ್ಚಿಬಿತ್ತು. ಮತ್ತೆ ಒತ್ತಿತು. ಸೀಟುಗಳ ನಡುವೆ ಯಾರದೋ ಪಾರ್ಲೆ ಬಿಸ್ಕೀಟಿನ ಪುಡಿಕೆ ಸಿಕ್ಕಿಕೊಂಡಿತ್ತು. ಅದನ್ನು ಕೀಳಲು ಪಕ್ಕದ ಹ್ಯಾಂಡ್‌ಬ್ರೇಕನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿತು. ಬ್ರೇಕು ಕಟಕ್ಕೆಂದು ಇಳಿಯಿತು.

ಸರ್ವಿಸ್ ರಸ್ತೆ ಅಲ್ಲಿ ಸ್ವಲ್ಪ ಇಳಿಜಾರು. ಜೀಪು ಮೆಲ್ಲಗೆ, ಬಹಳ ಮೆಲ್ಲಗೆ, ಹೊರಟಿತು.

"ರೋಕೋ!" ಎಂದು ಸುಬೇದಾರ ಕೂಗಿದ. ಯಾರಿಗೆ ಹೇಳಿದನೋ. ಫೌಜದಾರ ಹಿಂತಿರುಗಿ ನೋಡಿ ಮತ್ತೊಮ್ಮೆ ಹಾರ್ನ್ ಬಡಿಯಿತು. ಜನ ಎರಡು ಪಾಲಾಗಿ ಚೆಲ್ಲಿದರು. ತೆಂಗಿನಕಾಯಿ ಒಡೆದವನು ಕೈಮುಗಿದುಕೊಂಡೇ ಚರಂಡಿಗೆ ಇಳಿದ. ಜೀಪು ನಡುವಿನಿಂದ, ಮದುವೆಯ ಮೆರವಣಿಗೆಯ ಗಾಂಭೀರ್ಯದಿಂದ, ಹಾರ್ನ್ ಮಾಡುತ್ತ ಹೋಯಿತು. ಹಿಂದೆ ಸೈನಿಕರು ಓಡಿದರು, ಸೈನಿಕರ ಹಿಂದೆ ಸುಬೇದಾರ, ಅವನ ಹಿಂದೆ ಸೌಟಿನ ಹಾಗೆ ಚಪ್ಪಲಿ ಎತ್ತಿ ಹಿಡಿದ ಶಕುಂತಲಾಬಾಯಿ. ಡಾಬಾದವರು ಒಲೆಗೆಂದು ಒಟ್ಟಿದ್ದ ತೊಗರಿಕಟ್ಟಿಗೆಯ ಬಣಿವೆಗೆ ಹೋಗಿ ಜೀಪು ಮೂತಿ ಇಟ್ಟಿತು. ಬಣಿವೆ ನಿಧಾನವಾಗಿ ಕುಸಿದು ಅದನ್ನು ಅರ್ಧ ಮುಚ್ಚಿತು.

ಯಾರಿಗೂ ಏನೂ ಆಗಿರಲಿಲ್ಲ. ಆದರೆ ಯಾರೂ ಅಲುಗಲಿಲ್ಲ. ಓಡುತ್ತಿದ್ದವರು ಓಡುವ ಭಂಗಿಯಲ್ಲೇ ಗರಬಡಿದವರಂತೆ ನಿಂತಿದ್ದರು. ಫೋನು ಹಿಡಿದ ಕೈಗಳು ಮೇಲೆಯೇ ಇದ್ದವು. ಕಟ್ಟಿಗೆಯ ರಾಶಿಯೊಳಗಿನಿಂದ ಫೌಜದಾರ ಹೊರಬಂದು, ಜೀಪಿನ ಬಾನೆಟ್ಟಿನ ಮೇಲೆ ಕುಳಿತು, ಪುಡಿಕೆಯ ಹಾಳೆಯನ್ನು ಬಿಡಿಸತೊಡಗಿತು.

ಲಾರಿಯ ನೆತ್ತಿಯ ಮೇಲೆ ತಂದೆ ಮಗಳು ಇಬ್ಬರೇ ಇದ್ದರು. ಹುಡ್‌ನ ಬಾಯಿ ಇಬ್ಬರ ನಡುವೆ ತೆರೆದುಕೊಂಡಿತ್ತು. ಬಿಚ್ಚಿದ ದಾರದ ಒಂದು ತುಂಡು ಯುನೂಸನ ಕೈಗೆ ಸಿಕ್ಕಿತ್ತು. ಅದನ್ನು ಅವನು ಹೆಬ್ಬೆರಳಿನಿಂದ ತೀಡುತ್ತಿದ್ದ, ಜಗ್ಗುತ್ತಿದ್ದ. ಅದು ಹರಿಯಲಿಲ್ಲ. ಏಣಿಯ ಬುಡದಲ್ಲಿ ಜುಬೇರ ನಿಂತು ಮೇಲೆ ನೋಡುತ್ತಿದ್ದ, ಬಾಯಿ ಇನ್ನೂ ಮುಚ್ಚಿರಲಿಲ್ಲ.

ಸುಮೇರಾಳ ದುಪಟ್ಟಾ ಯಾವಾಗಲೋ ಹೆಗಲಿಗೆ ಜಾರಿತ್ತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

"ಅಬ್ಬಾ," ಎಂದಳು. "ಅಂಗಡಿ ನನಗ ಕೊಡ್ರಿ."

ಯುನೂಸ್ ದಾರ ತೀಡುವುದನ್ನು ನಿಲ್ಲಿಸಿದ. ಅವನ ಮುಖ ಅವಳ ಕಡೆಗಿತ್ತೋ, ಬಣಿವೆಯ ಕಡೆಗಿತ್ತೋ, ಹೇಳಲಾಗುತ್ತಿರಲಿಲ್ಲ. ಜುಬೇರ ತನ್ನ ಚಪ್ಪಲಿಗಳನ್ನು ನೋಡಿಕೊಂಡ.

"ಅಂಗಡಿ ನನಗ ಕೊಡ್ರಿ, ಅಬ್ಬಾ."